ಎಳೆಯ ಮಕ್ಕಳ ಕೆಂಪು ಹುಟ್ಟುಮಚ್ಚೆಗಳು: ಚಿಕಿತ್ಸೆಯ ಇತಿಹಾಸದ ಒಂದು ಸಮೀಕ್ಷೆ

ಹುಟ್ಟುಮಚ್ಚೆಯೆಂಬ ಒಂದೇ ಮಾತು ನಮ್ಮಲ್ಲಿ ಅನೇಕ ಬಗೆಯ ಗುರುತುಗಳಿಗೆ ಸಲ್ಲುತ್ತದೆ. ಕರಿಯ ಮಚ್ಚೆ, ಕಂದು ಮಚ್ಚೆ, ರೋಮ ಬೆಳೆದ ಮಚ್ಚೆ, ಕೆಂಪು ಮಚ್ಚೆ, ಇವೆಲ್ಲವೂ ಹುಟ್ಟುಮಚ್ಚೆಗಳೇ. ಇವುಗಳಲ್ಲಿ ಕೆಲವು ಚರ್ಮದ ವರ್ಣದ್ರವ್ಯದಿಂದ ಆದವು. ಮತ್ತೆ ಕೆಲವು ಚರ್ಮದಲ್ಲಿಯೂ ಅದರ ಅಡಿಯಲ್ಲಿಯೂ ಹರಡಿರುವ ಸೂಕ್ಷ್ಮ ರಕ್ತನಾಳಗಳಿಂದ ಆದವು. ಪ್ರಕೃತ ಲೇಖನದಲ್ಲಿ ನಾವು ಈ ಎರಡನೆಯ ವರ್ಗವನ್ನು, ಅದರಲ್ಲಿಯೂ ಎಳೆಯ ಮಕ್ಕಳಲ್ಲಿ ಅದಕ್ಕೆ ನಡೆದುಬಂದ ಚಿಕಿತ್ಸೆಯನ್ನು, ಐತಿಹಾಸಿಕ ದೃಷ್ಟಿಯಿಂದ ವಿವೇಚಿಸಲು ಉದ್ದೇಶಿಸಿದ್ದೇವೆ.

ವೈದ್ಯಶಾಸ್ತ್ರಕ್ಕೆ ಸೇರಿದ ವಿಷಯವನ್ನು ಇತಿಹಾಸದ ಅಧ್ಯಾಪಕರು ಕೈಗೆತ್ತಿಕೊಳ್ಳುವುದೇಕೆಂದು ವಾಚಕರು ಕೇಳಬಹುದು. ಮಚ್ಚೆಗೆ ಮದ್ದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಒಂದು ವಸ್ತು ಕಾಲಕ್ರಮದಲ್ಲಿ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಹೇಗೆ ಕ್ಷೀಣಿಸಿತು ಎಂದು ಕೇಳುವುದು ಇತಿಹಾಸದ ವೃತ್ತಿಧರ್ಮ. ಈ ಪ್ರಶ್ನೆಯನ್ನು ಕೇಳದೆ ಹೋದುದರಿಂದ ಒಂದು ಕಾಲದಲ್ಲಿ ಸಾವಿರಾರು ಶಿಶುಗಳು ಅನಗತ್ಯವಾದ ಚಿಕಿತ್ಸೆಗೆ ಗುರಿಯಾದವು. ಅದನ್ನು ಅರೆಬರೆಯಾಗಿ ಕೇಳಿದುದರಿಂದ ಮುಂದಿನ ಕಾಲದಲ್ಲಿ ಬೇರೆ ಕೆಲವು ಶಿಶುಗಳು ಅಗತ್ಯವಾದ ಚಿಕಿತ್ಸೆಯಿಂದ ವಂಚಿತವಾದವು. ಈ ಎರಡು ತಪ್ಪುಗಳ ಕಥೆಯೇ ನಮ್ಮ ವಿಷಯ.

1. ಎರಡು ಬಗೆಗಳು

ಮುಂದಿನ ವಿಚಾರ ಸ್ಪಷ್ಟವಾಗಬೇಕಾದರೆ ಇಂದು ತಿಳಿದಿರುವ ಎರಡು ಮುಖ್ಯ ಬಗೆಗಳನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮೊದಲನೆಯದು ಶೈಶವದ ಹೆಮಾಂಜಿಯೋಮ. ಇದು ರಕ್ತನಾಳಗಳ ಒಂದು ಗಂತಿ. ಮಗು ಹುಟ್ಟಿದ ದಿನ ಇದು ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ಕಂಡರೂ ಒಂದು ಬಿಳಿಚಿದ ಅಥವಾ ನಸುಗೆಂಪಾದ ಗುರುತಿನಷ್ಟೇ ಇರುತ್ತದೆ. ಕೆಲವೇ ವಾರಗಳಲ್ಲಿ ಅದು ವೇಗವಾಗಿ ಬೆಳೆದು, ಉಬ್ಬಿ, ಕಡುಗೆಂಪಾಗುತ್ತದೆ. ಸ್ಟ್ರಾಬೆರಿ ಹಣ್ಣಿನ ಹೋಲಿಕೆಯಿಂದ ಪಾಶ್ಚಾತ್ಯರು ಇದನ್ನು ಸ್ಟ್ರಾಬೆರಿ ಮಚ್ಚೆಯೆಂದು ಕರೆದರು. ಒಂದು ವರ್ಷ ತುಂಬುವ ವೇಳೆಗೆ ಬೆಳವಣಿಗೆ ನಿಂತು, ಅನಂತರ ಮಚ್ಚೆ ತಾನಾಗಿಯೇ ಬಣ್ಣಗೆಟ್ಟು ಕುಗ್ಗತೊಡಗುತ್ತದೆ. ನಾಲ್ಕೈದು ವರ್ಷಗಳಲ್ಲಿ ಬಹುಪಾಲು ಇಳಿದುಹೋಗುತ್ತದೆ. ನೂರು ಶಿಶುಗಳಲ್ಲಿ ಸುಮಾರು ನಾಲ್ಕೈದಕ್ಕೆ ಇದು ಬರುತ್ತದೆ; ಹೆಣ್ಣುಮಕ್ಕಳಲ್ಲಿಯೂ, ತಿಂಗಳು ತುಂಬುವ ಮುನ್ನ ಹುಟ್ಟಿದ ಮಕ್ಕಳಲ್ಲಿಯೂ ಹೆಚ್ಚು.

ಎರಡನೆಯದು ಪೋರ್ಟ್ ವೈನ್ ಮಚ್ಚೆ. ಪೋರ್ಚುಗಲ್ಲಿನ ಕೆಂಪು ದ್ರಾಕ್ಷಾಮದ್ಯದ ಬಣ್ಣದಿಂದ ಬಂದ ಹೆಸರು. ಇದು ಗಂತಿಯಲ್ಲ, ರಕ್ತನಾಳಗಳ ರಚನಾದೋಷ. ಹುಟ್ಟಿದ ದಿನವೇ ಇದು ಪೂರ್ಣವಾಗಿ ಇರುತ್ತದೆ; ಚರ್ಮದ ಮಟ್ಟಕ್ಕೆ ಸಮನಾಗಿ ಹರಡಿರುತ್ತದೆ; ಮಗು ಬೆಳೆದ ಹಾಗೆ ಅದೇ ಪ್ರಮಾಣದಲ್ಲಿ ತಾನೂ ಬೆಳೆಯುತ್ತದೆ. ತಾನಾಗಿ ಎಂದಿಗೂ ಹೋಗುವುದಿಲ್ಲ. ವಯಸ್ಸು ಏರಿದಂತೆ ಬಣ್ಣ ಗಾಢವಾಗಿ, ಚರ್ಮ ದಪ್ಪವಾಗುವುದೂ ಉಂಟು. ಸಾವಿರ ಶಿಶುಗಳಲ್ಲಿ ಸುಮಾರು ಮೂರಕ್ಕೆ ಇದಿರುತ್ತದೆ. ಸೋವಿಯತ್ ನಾಯಕ ಮಿಖಾಯಿಲ್ ಗೋರ್ಬಚೇವರ ಹಣೆಯ ಮೇಲಿದ್ದ ಮಚ್ಚೆಯನ್ನು ನೋಡಿದವರಿಗೆ ಇದರ ಪರಿಚಯವಿದ್ದೇ ಇರುತ್ತದೆ.

ಇವೆರಡಲ್ಲದೆ ನವಜಾತ ಶಿಶುಗಳ ಹೆಡಕಿನಲ್ಲಿ, ರೆಪ್ಪೆಯ ಮೇಲೆ, ಹಣೆಯ ನಡುವೆ ತೆಳುಗುಲಾಬಿ ಬಣ್ಣದ ಗುರುತುಗಳು ಬಹು ಸಾಮಾನ್ಯ. ಮುಖದ ಮೇಲಿನವು ಒಂದೆರಡು ವರ್ಷಗಳಲ್ಲಿ ಮಾಸಿಹೋಗುತ್ತವೆ. ಇವಕ್ಕೆ ಚಿಕಿತ್ಸೆ ಬೇಕಿಲ್ಲ.

ಒಂದು ತಾನಾಗಿ ಹೋಗತಕ್ಕದ್ದು, ಇನ್ನೊಂದು ಹೋಗದೆ ಉಳಿಯತಕ್ಕದ್ದು. ಎರಡೂ ಕೆಂಪು, ಎರಡೂ ಶೈಶವದಲ್ಲಿ ಕಾಣತಕ್ಕವು. ಇವುಗಳ ವ್ಯತ್ಯಾಸ ಒಂದು ದಿನದ ನೋಟದಲ್ಲಿ ಅಷ್ಟಾಗಿ ತಿಳಿಯದು. ಕಾಲ ಸರಿದಂತೆ ತಿಳಿಯುತ್ತದೆ.

2. ಹೆಸರುಗಳಲ್ಲಿ ಹುದುಗಿದ ನಂಬಿಕೆ

ಶಾಸ್ತ್ರೀಯ ವಿಚಾರಕ್ಕೆ ಮೊದಲು ಜನರ ನಂಬಿಕೆಯನ್ನು ನೋಡೋಣ. ಯುರೋಪಿನ ಭಾಷೆಗಳಲ್ಲಿ ಹುಟ್ಟುಮಚ್ಚೆಗೆ ಇರುವ ಹೆಸರುಗಳು ಕುತೂಹಲಕರವಾಗಿವೆ. ಇಟಾಲಿಯನ್ನಿನ 'ವೋಲ್ಯ', ಫ್ರೆಂಚಿನ 'ಆಂವಿ', ಸ್ಪ್ಯಾನಿಷ್ಷಿನ 'ಆಂತೋಹೊ', ಈ ಮೂರು ಪದಗಳಿಗೂ ಬಯಕೆಯೆಂಬ ಅರ್ಥವುಂಟು. ಜರ್ಮನ್ನಿನ 'ಮುಟ್ಟರ್‌ಮಾಲ್' ಎಂದರೆ ತಾಯಿಯ ಗುರುತು. ಬಸುರಿಯ ಬಯಕೆ ತೀರದೆ ಹೋದರೆ ಬಯಸಿದ ಹಣ್ಣಿನ ಆಕಾರವೇ ಕೂಸಿನ ಮೈಮೇಲೆ ಮೂಡುವುದೆಂದು ಅಲ್ಲಿನ ಜನ ನಂಬಿದ್ದರು. ಬಯಕೆಯನ್ನು ತೀರಿಸುವುದು ನಮ್ಮಲ್ಲಿಯೂ ಒಂದು ಮಂಗಳಕಾರ್ಯ. ಗ್ರಹಣ ಕಾಲದಲ್ಲಿ ಗರ್ಭಿಣಿ ಹೊರಗೆ ಬಂದರೆ ಕೂಸಿನ ಅಂಗಕ್ಕೆ ಊನವಾಗುವುದೆಂಬ ಭಯವೂ ನಮ್ಮ ನಾಡಿನಲ್ಲಿ ಇನ್ನೂ ಅಳಿದಿಲ್ಲ. ಇಂಥ ನಂಬಿಕೆಗಳಲ್ಲಿ ಸಮಾನವಾದ ಅಂಶವೊಂದಿದೆ: ಮಗುವಿನ ಗುರುತಿಗೆ ಹೊಣೆ ತಾಯಿಯದು.

ಈ ನಂಬಿಕೆ ಪಾಮರರಲ್ಲಿ ಮಾತ್ರ ಇದ್ದುದಲ್ಲ. ಲಂಡನ್ನಿನ ವೈದ್ಯ ಡೇನಿಯಲ್ ಟರ್ನರ್ 1714ರಲ್ಲಿ ಪ್ರಕಟಿಸಿದ ಚರ್ಮರೋಗಗಳ ಗ್ರಂಥದಲ್ಲಿ ಇದನ್ನು ಸಮರ್ಥಿಸಿದನು. ಜೇಮ್ಸ್ ಬ್ಲಾಂಡೆಲ್ ಎಂಬ ಇನ್ನೊಬ್ಬ ವೈದ್ಯ 1727ರಲ್ಲಿ ಇದನ್ನು ಖಂಡಿಸಿ, ತಾಯಿಯ ಕಲ್ಪನೆಗೆ ಭ್ರೂಣವನ್ನು ಮಾರ್ಪಡಿಸುವ ಶಕ್ತಿಯಿಲ್ಲವೆಂದು ಅನುಭವ, ಯುಕ್ತಿ, ಅಂಗರಚನೆಗಳ ಆಧಾರದ ಮೇಲೆ ವಾದಿಸಿದನು. ಇಬ್ಬರ ವಾಗ್ವಾದ ಕೆಲವು ವರ್ಷ ನಡೆಯಿತು. ಬ್ಲಾಂಡೆಲ್ಲನ ಪಕ್ಷ ಸರಿಯೆಂಬುದು ವಿದ್ವಾಂಸರಿಗೆ ಕ್ರಮೇಣ ಒಪ್ಪಿಗೆಯಾದರೂ ಮನೆಯೊಳಗಿನ ಮಾತು ಬದಲಾಗಲಿಲ್ಲ.

ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಈ ವಿಷಯ ಬೇರೆ ರೀತಿಯಲ್ಲಿ ಬಂದಿದೆ. ಸುಶ್ರುತಸಂಹಿತೆ ಕ್ಷುದ್ರರೋಗಗಳ ಪ್ರಕರಣದಲ್ಲಿ 'ಜತುಮಣಿ'ಯೆಂಬುದನ್ನು ಹೇಳಿ, ಅದು ಹುಟ್ಟಿನಿಂದ ಬಂದದ್ದು, ನೋವಿಲ್ಲದ್ದು, ಕಫರಕ್ತಗಳಿಂದ ಆದದ್ದು ಎಂದು ವಿವರಿಸುತ್ತದೆ. ಶಸ್ತ್ರದಿಂದ ಕೆತ್ತಿ, ಕ್ಷಾರದಿಂದಲೋ ಅಗ್ನಿಯಿಂದಲೋ ಸುಡಬೇಕೆಂದು ಚಿಕಿತ್ಸೆಯನ್ನೂ ವಿಧಿಸುತ್ತದೆ. ಜತುಮಣಿಯನ್ನು ಇಂದಿನ ಯಾವುದೋ ಒಂದು ಮಚ್ಚೆಯೊಂದಿಗೆ ಸಮೀಕರಿಸುವುದು ಸಾಹಸವಾದೀತು. ಆದರೂ ಎರಡು ಅಂಶಗಳು ಗಮನಾರ್ಹವಾಗಿವೆ. ಕಾರಣವನ್ನು ಗ್ರಂಥಕಾರನು ದೇಹದಲ್ಲಿಯೇ ಹುಡುಕಿದನು. ಪರಿಹಾರವನ್ನು ಸುಡುವುದರಲ್ಲಿ ಕಂಡನು. ಸುಡುವ ಈ ವಿಧಾನ ಬೇರೆ ದೇಶಗಳಲ್ಲಿಯೂ ಬೇರೆ ಬೇರೆ ರೂಪಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೆ ನಡೆದುಬಂದಿತು.

3. ಒಂದೇ ಹೆಸರಿನ ಕೆಳಗೆ

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸೂಕ್ಷ್ಮದರ್ಶಕವು ರೋಗಶಾಸ್ತ್ರದ ಮುಖ್ಯ ಸಾಧನವಾಯಿತು. ಬರ್ಲಿನ್ನಿನ ರುಡಾಲ್ಫ್ ವಿರ್ಚೋ 1863ರಿಂದ ಪ್ರಕಟವಾದ ತನ್ನ ಗಂತಿಗಳ ಗ್ರಂಥದಲ್ಲಿ ರಕ್ತನಾಳಗಳ ಮಚ್ಚೆಗಳನ್ನೆಲ್ಲ 'ಆಂಜಿಯೋಮ' ಎಂಬ ಹೆಸರಿನ ಕೆಳಗೆ ತಂದು, ನಾಳಗಳ ಆಕಾರಕ್ಕೆ ಅನುಸಾರವಾಗಿ ಸರಳ, ಕುಹರಯುಕ್ತ, ಜಟಿಲ ಎಂದು ಮೂರಾಗಿ ವಿಭಾಗಿಸಿದನು. ಆ ಕಾಲಕ್ಕೆ ಇದು ದೊಡ್ಡ ಸಾಧನೆಯೇ ಸರಿ. ಆದರೆ ಸೂಕ್ಷ್ಮದರ್ಶಕ ತೋರಿಸುವುದು ಕತ್ತರಿಸಿ ತೆಗೆದ ಒಂದು ತುಣುಕಿನ ಒಂದು ಕ್ಷಣದ ಸ್ಥಿತಿಯನ್ನು. ಆ ತುಣುಕು ನಿನ್ನೆ ಏನಾಗಿತ್ತು, ಬಿಟ್ಟಿದ್ದರೆ ನಾಳೆ ಏನಾಗುತ್ತಿತ್ತು ಎಂಬುದನ್ನು ಅದು ತೋರಿಸದು. ತಾನಾಗಿ ಕರಗುವ ಮಚ್ಚೆಯೂ ಜೀವಮಾನವಿಡೀ ಉಳಿಯುವ ಮಚ್ಚೆಯೂ ಹೀಗೆ ಒಂದೇ ಹೆಸರಿಗೆ ಸೇರಿಹೋದವು. ಮುಂದೆ ಬಂದ 'ಹೆಮಾಂಜಿಯೋಮ' ಎಂಬ ಪದವನ್ನೂ ವೈದ್ಯರು ನೂರು ವರ್ಷಕ್ಕೂ ಮಿಕ್ಕಿ ಎರಡಕ್ಕೂ ಬಳಸಿದರು. ಹೆಸರಿನ ಈ ಗೊಂದಲವೇ ಚಿಕಿತ್ಸೆಯ ಗೊಂದಲಕ್ಕೆ ಕಾರಣವಾಯಿತು.

ಕೆಂಪು ಮಚ್ಚೆಯನ್ನು ಕಂಡ ಕೂಡಲೆ ತೆಗೆದುಹಾಕಬೇಕೆಂಬುದು ಆ ಶತಮಾನದ ಸಾಮಾನ್ಯ ಅಭಿಪ್ರಾಯ. ಕಾದ ಕಬ್ಬಿಣದಿಂದ ಸುಡುವುದು, ನೈಟ್ರಿಕ್ ಆಮ್ಲ ಸವರುವುದು, ಬುಡಕ್ಕೆ ದಾರ ಬಿಗಿಯುವುದು, ಶಸ್ತ್ರದಿಂದ ಕೊಯ್ಯುವುದು, ವಿದ್ಯುತ್ ಹಾಯಿಸುವುದು, ಇವೆಲ್ಲವೂ ಆಚರಣೆಯಲ್ಲಿದ್ದವು. ಸಿಡುಬಿನ ವಿರುದ್ಧ ಹಾಕುವ ದೇವಿಯನ್ನು ಮಚ್ಚೆಯ ಮೇಲೆಯೇ ಹಾಕಿ, ಅದರಿಂದಾಗುವ ಹುಣ್ಣು ಮಾಯುವಾಗ ಮಚ್ಚೆಯೂ ಮಾಯಲೆಂದು ನಿರೀಕ್ಷಿಸುವ ಪದ್ಧತಿಯೂ ಇದ್ದಿತು. 1907ರಲ್ಲಿ ಷಿಕಾಗೋ ನಗರದ ವಿಲಿಯಂ ಪ್ಯೂಸಿ ಇಂಗಾಲಾಮ್ಲದ ಹಿಮದಿಂದ ಮಚ್ಚೆಯನ್ನು ಹೆಪ್ಪುಗಟ್ಟಿಸುವ ವಿಧಾನವನ್ನು ಪ್ರಕಟಿಸಿದನು. ಇವುಗಳಲ್ಲಿ ಬಹುತೇಕ ಎಲ್ಲವೂ ಕಲೆ ಉಳಿಸಿದವು.

4. ಕಿರಣಗಳ ಯುಗ

1895ರ ಕೊನೆಯಲ್ಲಿ ರಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದನು. ಒಂದು ವರ್ಷ ಕಳೆಯುವುದರೊಳಗೆ ವಿಯೆನ್ನಾದ ಲಿಯೊಪೋಲ್ಡ್ ಫ್ರಾಯಿಂಡ್ ಅವನ್ನು ಒಂದು ಹುಟ್ಟುಮಚ್ಚೆಯ ಮೇಲೆ ಪ್ರಯೋಗಿಸಿದನು. ರೋಗಿ ಐದು ವರ್ಷದ ಬಾಲಕಿ. ಬೆನ್ನಿನ ಮೇಲಿದ್ದುದು ರಕ್ತನಾಳದ ಮಚ್ಚೆಯಲ್ಲ, ರೋಮ ಬೆಳೆದ ಮಚ್ಚೆ. ಕೂದಲು ಉದುರಿತು, ಪ್ರಯೋಗ ಸಫಲವಾಯಿತೆಂದು ಕೀರ್ತಿ ಬಂದಿತು. ಬಳಿಕ ಅದೇ ಸ್ಥಳದಲ್ಲಿ ಮಾಯದ ಹುಣ್ಣಾಯಿತು. ಆಕೆ ದೀರ್ಘಕಾಲ ಬದುಕಿದ್ದಳು. ಎಪ್ಪತ್ತು ವರ್ಷಗಳ ಅನಂತರ ವೈದ್ಯರು ಪರೀಕ್ಷಿಸಿದಾಗಲೂ ಕಿರಣದ ಗಾಯದ ಗುರುತು ಅಲ್ಲಿಯೇ ಇದ್ದಿತು.

1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನು ಕಂಡುಹಿಡಿದರು. ಪ್ಯಾರಿಸ್ಸಿನ ಲೂಯಿ ವಿಕಾಂ ಮತ್ತು ಪೋಲ್ ದೆಗ್ರೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ರಕ್ತನಾಳದ ಮಚ್ಚೆಗಳಿಗೆ ರೇಡಿಯಂ ಬಳಸಿ, 1909ರಲ್ಲಿ ತಮ್ಮ ಅನುಭವವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಈ ಚಿಕಿತ್ಸೆಯಲ್ಲಿ ರಕ್ತ ಹರಿಯುವುದಿಲ್ಲ, ಮಗು ಅಳುವುದಿಲ್ಲ, ಕೆಲವು ತಿಂಗಳಲ್ಲಿ ಮಚ್ಚೆ ಇಳಿಯುತ್ತದೆ. ತಂದೆತಾಯಿಗಳಿಗೂ ವೈದ್ಯರಿಗೂ ಇದಕ್ಕಿಂತ ಹೆಚ್ಚಿನದು ಬೇಕೆನಿಸಲಿಲ್ಲ. ಅಮೆರಿಕದಲ್ಲಿಯೂ ಯುರೋಪಿನ ಅನೇಕ ದೇಶಗಳಲ್ಲಿಯೂ ಈ ಪದ್ಧತಿ ಹರಡಿತು. ಸ್ವೀಡನ್ನಿನ ಸ್ಟಾಕ್‌ಹೋಮಿನ ರೇಡಿಯಂ ಚಿಕಿತ್ಸಾಲಯವೊಂದರಲ್ಲಿಯೇ 1920ರಿಂದ 1959ರವರೆಗೆ 14,000ಕ್ಕೂ ಹೆಚ್ಚು ಶಿಶುಗಳ ಮಚ್ಚೆಗಳಿಗೆ ಕಿರಣ ಚಿಕಿತ್ಸೆ ನಡೆಯಿತು. ಗೋಥೆನ್‌ಬರ್ಗ್ ನಗರದಲ್ಲಿ 1930ರಿಂದ 1965ರವರೆಗೆ ಇಂಥದೇ ಚಿಕಿತ್ಸೆ ನಡೆದುದುಂಟು.

ಮಚ್ಚೆ ಇಳಿಯಿತೆಂಬುದು ಸುಳ್ಳಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಸ್ಟ್ರಾಬೆರಿ ಮಚ್ಚೆಗಳು. ಮುಟ್ಟದೆ ಬಿಟ್ಟಿದ್ದರೂ ಇಳಿಯತಕ್ಕವು. ಚಿಕಿತ್ಸೆಯ ಅನಂತರ ಆದುದೆಲ್ಲ ಚಿಕಿತ್ಸೆಯಿಂದಲೇ ಆಯಿತೆಂದು ಭಾವಿಸುವುದು ಇತಿಹಾಸ ಬರೆಯುವವರಿಗೂ ಚಿರಪರಿಚಿತವಾದ ತರ್ಕದೋಷ. ಒಬ್ಬ ಅರಸನ ಪಟ್ಟಾಭಿಷೇಕವಾದ ಮೇಲೆ ಮಳೆ ಬಂದರೆ ಶಾಸನಕವಿ ಅದನ್ನು ಅರಸನ ಪುಣ್ಯವೆಂದು ಬರೆಯಬಹುದು. ನಾವು ಹಾಗೆ ಬರೆಯಲಾಗದು. ಪಟ್ಟಾಭಿಷೇಕವಿಲ್ಲದ ವರ್ಷಗಳಲ್ಲಿ ಮಳೆ ಹೇಗಿತ್ತೆಂಬುದನ್ನು ನೋಡಬೇಕಾಗುತ್ತದೆ. ಹಾಗೆಯೇ ಚಿಕಿತ್ಸೆಯಿಲ್ಲದ ಮಚ್ಚೆಗಳ ಗತಿಯೇನೆಂದು ಯಾರಾದರೂ ನೋಡಬೇಕಾಗಿತ್ತು.

5. ಲಿಸ್ಟರನ ಅವಲೋಕನ

ಅದನ್ನು ನೋಡಿದವನು ಇಂಗ್ಲೆಂಡಿನ ವೈದ್ಯ ಡಬ್ಲ್ಯು. ಎ. ಲಿಸ್ಟರ್. ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ಪ್ರಸಿದ್ಧನಾದ ಜೋಸೆಫ್ ಲಿಸ್ಟರನು ಬೇರೆ; ಈತನು ಬೇರೆ. ಈತನು 77 ಮಕ್ಕಳ 93 ಸ್ಟ್ರಾಬೆರಿ ಮಚ್ಚೆಗಳನ್ನು ಚಿಕಿತ್ಸೆಯಿಲ್ಲದೆ ವರ್ಷಗಳ ಕಾಲ ಅಳೆದು, ಗುರುತು ಹಾಕಿಕೊಂಡು, 1938ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಮೊದಲ ತಿಂಗಳುಗಳಲ್ಲಿ ಬೆಳೆದ ಮಚ್ಚೆಗಳೆಲ್ಲ ಬಳಿಕ ಕುಗ್ಗಿದವೆಂಬುದು ಅವನ ತೀರ್ಮಾನ. ಅವನು ಹೊಸ ಉಪಕರಣವನ್ನಾಗಲಿ ಹೊಸ ಔಷಧವನ್ನಾಗಲಿ ಬಳಸಲಿಲ್ಲ. ಬಳಸಿದ್ದು ಅಳತೆ, ದಿನಾಂಕ, ತಾಳ್ಮೆ ಇಷ್ಟೆ. ಮಚ್ಚೆಯ ಇತಿಹಾಸವನ್ನು ಬರೆದ ಮೊದಲಿಗರಲ್ಲಿ ಅವನೊಬ್ಬನೆನ್ನಬಹುದು.

ಆದರೆ ಮೇಲೆ ಕೊಟ್ಟ ಇಸವಿಗಳನ್ನು ವಾಚಕರು ಇನ್ನೊಮ್ಮೆ ಗಮನಿಸಬೇಕು. ಲಿಸ್ಟರನ ಲೇಖನ 1938ರದು. ಸ್ಟಾಕ್‌ಹೋಮಿನಲ್ಲಿ ಕಿರಣ ಚಿಕಿತ್ಸೆ 1959ರವರೆಗೂ, ಗೋಥೆನ್‌ಬರ್ಗಿನಲ್ಲಿ 1965ರವರೆಗೂ ಮುಂದುವರಿಯಿತು. ಪ್ರಕಟವಾದ ಅರಿವು ಆಚರಣೆಯನ್ನು ಬದಲಾಯಿಸುವುದಕ್ಕೆ ಇಪ್ಪತ್ತೇಳು ವರ್ಷಗಳವರೆಗೆ ಬೇಕಾಯಿತು.

ಇದರ ಪರಿಣಾಮವೇನೆಂಬುದು ತಿಳಿದುಬಂದದ್ದೂ ಸ್ವೀಡನ್ನಿನಿಂದಲೇ. ಅಲ್ಲಿನ ಚಿಕಿತ್ಸಾಲಯಗಳು ಪ್ರತಿ ಶಿಶುವಿಗೆ ಕೊಟ್ಟ ಕಿರಣದ ಪ್ರಮಾಣವನ್ನು ಎಚ್ಚರದಿಂದ ಬರೆದಿಟ್ಟಿದ್ದವು. 1958ರಿಂದ ರಾಷ್ಟ್ರೀಯ ಅರ್ಬುದ ದಾಖಲೆಯೂ ಅಲ್ಲಿದ್ದಿತು. ಎರಡನ್ನೂ ಹೋಲಿಸಿ ನೋಡಲು ಸಾಧ್ಯವಾಯಿತು. ಸ್ಟಾಕ್‌ಹೋಮಿನ 14,351 ಮಂದಿಯಲ್ಲಿ ಥೈರಾಯ್ಡ್ ಗ್ರಂಥಿಯ ಅರ್ಬುದ ಸಾಮಾನ್ಯವಾಗಿ ಏಳೆಂಟು ಜನರಲ್ಲಿ ನಿರೀಕ್ಷಿಸತಕ್ಕದ್ದಾಗಿತ್ತು. 17 ಜನರಲ್ಲಿ ಕಂಡುಬಂದಿತೆಂದು 1994ರಲ್ಲಿ ವರದಿಯಾಯಿತು. ಸ್ತನದ ಅರ್ಬುದವೂ ತಲೆಯೊಳಗಿನ ಗಂತಿಗಳೂ ಹೆಚ್ಚಾಗಿದ್ದುವೆಂದು ಬೇರೆ ವರದಿಗಳು ತಿಳಿಸಿದವು. ಅಧ್ಯಾಪಕರಾದ ನಮ್ಮ ಮನಸ್ಸನ್ನು ವಿಶೇಷವಾಗಿ ಕಲಕುವ ಅಧ್ಯಯನ 2004ರದು. 1930ರಿಂದ 1959ರ ಅವಧಿಯಲ್ಲಿ ಹದಿನೆಂಟು ತಿಂಗಳು ತುಂಬುವ ಮುನ್ನ ಕಿರಣ ಚಿಕಿತ್ಸೆ ಪಡೆದ 3,094 ಗಂಡುಮಕ್ಕಳ ವಿದ್ಯಾಭ್ಯಾಸವನ್ನೂ ಸೈನ್ಯಕ್ಕೆ ಸೇರುವಾಗಿನ ಬುದ್ಧಿಪರೀಕ್ಷೆಗಳನ್ನೂ ಅದರಲ್ಲಿ ಪರಿಶೀಲಿಸಿದರು. ಮಿದುಳಿಗೆ ಕಿರಣ ತಗುಲದವರಲ್ಲಿ ನೂರಕ್ಕೆ ಸುಮಾರು 32 ಮಂದಿ ಉನ್ನತ ಶಾಲೆಗೆ ಹೋಗಿದ್ದರು. ಅತಿ ಹೆಚ್ಚು ತಗುಲಿದವರಲ್ಲಿ ಹಾಗೆ ಹೋದವರು ನೂರಕ್ಕೆ ಸುಮಾರು 17 ಮಾತ್ರ.

ಈ ವೈದ್ಯರಲ್ಲಿ ದುರುದ್ದೇಶವಿರಲಿಲ್ಲ. ಅವರು ಆ ಕಾಲದ ಅತ್ಯಾಧುನಿಕ ಸಾಧನವನ್ನು ಶ್ರದ್ಧೆಯಿಂದ ಬಳಸಿದರು. ದಾಖಲೆಯನ್ನು ಪ್ರಾಮಾಣಿಕವಾಗಿ ಇಟ್ಟರು. ಆ ದಾಖಲೆಯಿಂದಲೇ ಅವರ ತಪ್ಪು ಲೋಕಕ್ಕೆ ತಿಳಿಯಿತು.

6. ಕಾದು ನೋಡುವ ನೀತಿ

ಕಿರಣ ಚಿಕಿತ್ಸೆ ಹಿಂದೆ ಸರಿದ ಮೇಲೆ ಲಿಸ್ಟರನ ಮಾತು ಪಠ್ಯಪುಸ್ತಕಗಳನ್ನು ಸೇರಿತು. ಮುಟ್ಟಬೇಡಿ, ಕಾಯಿರಿ, ತಾನಾಗಿ ಹೋಗುತ್ತದೆ ಎಂಬುದು ನಿಯಮವಾಯಿತು. ಹೆಚ್ಚಿನ ಮಕ್ಕಳ ಮಟ್ಟಿಗೆ ಇದು ಯುಕ್ತವಾದ ಉಪದೇಶವೇ. ಆದರೆ ಒಂದು ಅನುಭವದ ಮಾತು ಸಿದ್ಧಾಂತವಾಗಿ ಗಟ್ಟಿಗೊಂಡಾಗ ಅದರಿಂದಲೂ ಹಾನಿಯುಂಟು.

ರೆಪ್ಪೆಯ ಮೇಲೆ ಬೆಳೆದ ಮಚ್ಚೆ ಮಗುವಿನ ಕಣ್ಣನ್ನು ಮುಚ್ಚಿದರೆ, ಇಲ್ಲವೆ ಕಣ್ಣುಗುಡ್ಡೆಯನ್ನು ಒತ್ತಿದರೆ, ಆ ಕಣ್ಣಿಗೆ ನೋಡುವ ಅಭ್ಯಾಸವೇ ಆಗುವುದಿಲ್ಲ. ನಾಲ್ಕು ವರ್ಷದ ಮೇಲೆ ಮಚ್ಚೆ ಕರಗಿದರೂ ದೃಷ್ಟಿ ಮರಳಿ ಬರುವುದೆಂಬ ಭರವಸೆಯಿಲ್ಲ. ಗಂಟಲ ಕೆಳಗೆ ಉಸಿರ್ದಾರಿಯಲ್ಲಿ ಬೆಳೆದರೆ ಪ್ರಾಣಕ್ಕೇ ಅಪಾಯ. ತುಟಿಯಲ್ಲಿ ಬೆಳೆದು ಹುಣ್ಣಾದರೆ ಮಗು ಹಾಲು ಕುಡಿಯಲಾರದು. ಮೂಗಿನ ತುದಿಯಲ್ಲಿ ಬೆಳೆದದ್ದು ಇಳಿದ ಮೇಲೂ ಆಕಾರಗೆಟ್ಟ ಮೂಗನ್ನು ಉಳಿಸುತ್ತದೆ. ಕುಗ್ಗುವುದೆಂದರೆ ಗುರುತಿಲ್ಲದೆ ಹೋಗುವುದೆಂದು ಅರ್ಥವಲ್ಲ. ಸಡಿಲವಾದ ಚರ್ಮ, ಕೊಬ್ಬಿನ ಉಳಿಕೆ, ಸಣ್ಣ ಕೆಂಪು ಎಳೆಗಳು ಎಷ್ಟೋ ಮಕ್ಕಳಲ್ಲಿ ಉಳಿಯುತ್ತವೆ. ಇನ್ನು ಹೆಸರಿನ ಗೊಂದಲದಿಂದಾಗಿ ಪೋರ್ಟ್ ವೈನ್ ಮಚ್ಚೆಯಿರುವ ಮಕ್ಕಳ ತಂದೆತಾಯಿಗಳಿಗೂ ಕಾಯಿರೆಂಬ ಸಲಹೆಯೇ ದೊರೆಯುವಂತಾಯಿತು. ಅಲ್ಲಿ ಕಾಯುವುದರಿಂದ ಬರುವುದೇನೂ ಇರಲಿಲ್ಲ.

ತೀವ್ರವಾದ ಪ್ರಸಂಗಗಳಿಗೆ ಔಷಧ ಹುಡುಕುವ ಪ್ರಯತ್ನಗಳೂ ನಡೆದವು. 1967ರಲ್ಲಿ ಜಾರೆಂ ಮತ್ತು ಎಡ್ಜರ್ಟನ್ ಎಂಬ ಅಮೆರಿಕದ ಶಸ್ತ್ರವೈದ್ಯರು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಔಷಧದಿಂದ ಮಚ್ಚೆಗಳು ಇಳಿದುದನ್ನು ವರದಿ ಮಾಡಿದರು. ಮುಂದಿನ ನಾಲ್ಕು ದಶಕಗಳ ಕಾಲ ಇದೇ ಮುಖ್ಯ ಔಷಧ. ಮುಖ ಊದಿಕೊಳ್ಳುವುದು, ಎತ್ತರ ಕುಂಠಿತವಾಗುವುದು, ರಕ್ತದೊತ್ತಡ ಏರುವುದು ಅದರ ದೋಷಗಳು. 1992ರಲ್ಲಿ ಬಾಸ್ಟನ್ನಿನಿಂದ ಪ್ರಕಟವಾದ ಇಂಟರ್‌ಫೆರಾನ್ ಚಿಕಿತ್ಸೆ ಪ್ರಬಲವಾಗಿ ಕಂಡರೂ, ಕೆಲವು ಶಿಶುಗಳ ಕಾಲುಗಳು ಸೆಡೆತು ನಡೆಯುವ ಶಕ್ತಿ ಕುಂದಿದುದು ಗೊತ್ತಾದ ಮೇಲೆ ಅದು ಹಿಂದೆ ಬಿದ್ದಿತು.

7. ವರ್ಗೀಕರಣದ ಪುನರ್ವಿಮರ್ಶೆ

1982ರಲ್ಲಿ ಬಾಸ್ಟನ್ನಿನ ಜಾನ್ ಮಲ್ಲಿಕನ್ ಮತ್ತು ಜೂಲಿ ಗ್ಲೊವಾಕಿ ಹೆಸರಿನ ಗೊಂದಲವನ್ನು ಪರಿಹರಿಸಿದರು. ನಾಳಗಳ ಆಕಾರವನ್ನು ಬಿಟ್ಟು ನಾಳಗಳ ಒಳಪೊರೆಯ ಜೀವಕೋಶಗಳ ನಡವಳಿಕೆಯನ್ನು ಅವರು ಪರೀಕ್ಷಿಸಿದರು. ಒಂದು ವರ್ಗದಲ್ಲಿ ಜೀವಕೋಶಗಳು ವೇಗವಾಗಿ ವಿಭಜನೆಗೊಂಡು ಬಳಿಕ ಶಾಂತವಾಗುತ್ತಿದ್ದವು, ಅದು ಹೆಮಾಂಜಿಯೋಮ. ಇನ್ನೊಂದು ವರ್ಗದಲ್ಲಿ ಜೀವಕೋಶಗಳು ಸಾಧಾರಣವಾಗಿಯೇ ಇದ್ದು, ನಾಳಗಳ ರಚನೆ ಮಾತ್ರ ದೋಷಯುಕ್ತವಾಗಿತ್ತು. ಪೋರ್ಟ್ ವೈನ್ ಮಚ್ಚೆ ಈ ವರ್ಗಕ್ಕೆ ಸೇರಿತು. ಆಕಾರದ ಬದಲು ಕಾಲಾನುಸಾರವಾದ ನಡತೆ ವರ್ಗೀಕರಣಕ್ಕೆ ಆಧಾರವಾಯಿತು. 1996ರಲ್ಲಿ ಈ ವಿಷಯದ ಅಂತರರಾಷ್ಟ್ರೀಯ ವಿದ್ವತ್ಸಂಘವು ಇದೇ ತಳಹದಿಯ ವರ್ಗೀಕರಣವನ್ನು ಸ್ವೀಕರಿಸಿತು. 2000ದಲ್ಲಿ ಪೌಲಾ ನಾರ್ತ್ ಮತ್ತು ಸಹೋದ್ಯೋಗಿಗಳು ಶೈಶವದ ಹೆಮಾಂಜಿಯೋಮದ ಜೀವಕೋಶಗಳಲ್ಲಿ ಮಾತ್ರ ಗ್ಲೂಟ್-1 ಎಂಬ ಪ್ರೋಟೀನು ಇರುವುದನ್ನೂ, ಪೋರ್ಟ್ ವೈನ್ ಮೊದಲಾದ ರಚನಾದೋಷಗಳಲ್ಲಿ ಅದು ಇಲ್ಲದಿರುವುದನ್ನೂ ತೋರಿಸಿದರು. ಹೆಸರಿನ ಜಗಳ ಅಲ್ಲಿಗೆ ಪರೀಕ್ಷೆಯಿಂದ ತೀರಬಹುದಾದ ವಿಷಯವಾಯಿತು.

8. ಬೆಳಕಿನಿಂದ ಚಿಕಿತ್ಸೆ

ಹೋಗದೆ ಉಳಿಯುವ ಪೋರ್ಟ್ ವೈನ್ ಮಚ್ಚೆಗೆ ಉಪಾಯ ಭೌತಶಾಸ್ತ್ರದಿಂದ ಬಂದಿತು. ಲೇಸರ್ 1960ರಲ್ಲಿ ಸಿದ್ಧವಾಯಿತು. ಮೊದಮೊದಲು ಬಳಸಿದ ಆರ್ಗಾನ್ ಲೇಸರ್ ಮಚ್ಚೆಯ ಜೊತೆಗೆ ಸುತ್ತಲ ಚರ್ಮವನ್ನೂ ಸುಟ್ಟು, ಎಳೆಯ ಮಕ್ಕಳಲ್ಲಿ ಕಲೆ ಉಳಿಸುತ್ತಿತ್ತು. 1983ರಲ್ಲಿ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ ಇದಕ್ಕೆ ಪರಿಹಾರ ಸೂಚಿಸಿದರು. ರಕ್ತದ ಹಿಮೋಗ್ಲೋಬಿನ್ ಹೆಚ್ಚಾಗಿ ಹೀರಿಕೊಳ್ಳುವ ಬಣ್ಣದ ಬೆಳಕನ್ನು ಆರಿಸಬೇಕು. ನಾಳಕ್ಕೆ ತಗುಲಿದ ಶಾಖ ಸುತ್ತಲೂ ಹರಡುವುದಕ್ಕೆ ಮೊದಲೇ ಬೆಳಕಿನ ಮಿಡಿತ ಮುಗಿಯಬೇಕು. ಆಗ ನಾಳ ಮಾತ್ರ ನಾಶವಾಗಿ ಚರ್ಮ ಉಳಿಯುತ್ತದೆ. ಈ ತತ್ತ್ವದ ಮೇಲೆ ನಿರ್ಮಿತವಾದುದು ಬಣ್ಣದ ದ್ರವದಿಂದ ಕೆಲಸ ಮಾಡುವ ಮಿಡಿತದ ಲೇಸರ್. ಅದರ ಒಂದು ಮಿಡಿತ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಮೆಯಾಗಿತ್ತು. 1989ರಲ್ಲಿ 35 ಮಕ್ಕಳ ಚಿಕಿತ್ಸೆಯ ವರದಿ ಪ್ರಕಟವಾದ ಮೇಲೆ ಇದು ಮಕ್ಕಳಿಗೂ ಸಲ್ಲುವ ವಿಧಾನವೆಂದು ಸ್ಥಿರಪಟ್ಟಿತು.

ಅನೇಕ ಸಲ ಪುನರಾವರ್ತಿಸಬೇಕಾದ ಚಿಕಿತ್ಸೆಯಿದು. ಬಣ್ಣ ಬಹಳ ಮಟ್ಟಿಗೆ ತಿಳಿಯಾಗುತ್ತದೆ. ಪೂರ್ತಿ ಅಳಿಸಿಹೋಗುವುದು ಕೆಲವರಲ್ಲಿ ಮಾತ್ರ. ನಮ್ಮ ದೇಶದವರ ಚರ್ಮದಲ್ಲಿ ಮೆಲನಿನ್ ಹೆಚ್ಚಾಗಿರುವುದರಿಂದ ಬೆಳಕಿನ ಒಂದು ಪಾಲನ್ನು ಅದೇ ಹೀರಿಬಿಡುತ್ತದೆ. ಚರ್ಮದ ಬಣ್ಣ ಕೆಡುವ ಸಂಭವವೂ ಹೆಚ್ಚು. ಆದುದರಿಂದ ಇಲ್ಲಿ ಚರ್ಮವನ್ನು ತಂಪಾಗಿಸುತ್ತ, ಶಕ್ತಿಯನ್ನು ಎಚ್ಚರದಿಂದ ಹೊಂದಿಸಿ ನಡೆಸಬೇಕಾಗುತ್ತದೆ.

ಪೋರ್ಟ್ ವೈನ್ ಮಚ್ಚೆ ಹಣೆಯ ಮೇಲೆ ಹರಡಿದ್ದರೆ ಚರ್ಮದ ಆಚೆಗೂ ನೋಡಬೇಕು. ಲಂಡನ್ನಿನಲ್ಲಿ ವಿಲಿಯಂ ಆಲನ್ ಸ್ಟರ್ಜ್ 1879ರಲ್ಲಿ ಇಂಥ ಮಚ್ಚೆಯೂ ಮೂರ್ಛೆಯೂ ಕೂಡಿದ್ದ ಒಬ್ಬ ಬಾಲಕಿಯನ್ನು ವರ್ಣಿಸಿ, ಮಿದುಳಿನ ಮೇಲೆಯೂ ಅಂಥದೇ ಮಚ್ಚೆಯಿರಬೇಕೆಂದು ಊಹಿಸಿದನು. ಮುಂದೆ ಅದು ನಿಜವೆಂದು ಸ್ಥಾಪಿತವಾಯಿತು. ಅಂಥ ಮಕ್ಕಳಿಗೆ ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾ ರೋಗವೂ ಬರಬಹುದಾದುದರಿಂದ ನೇತ್ರಪರೀಕ್ಷೆ ಅವಶ್ಯಕ.

2013ರಲ್ಲಿ ಈ ಮಚ್ಚೆಯ ಮೂಲವೂ ತಿಳಿಯಿತು. ಗರ್ಭದಲ್ಲಿ ಬೆಳೆಯುತ್ತಿರುವ ಶಿಶುವಿನ ಯಾವುದೋ ಒಂದು ಜೀವಕೋಶದಲ್ಲಿ ಜಿಎನ್‌ಎಕ್ಯೂ ಎಂಬ ಜೀನಿನ ಒಂದೇ ಅಕ್ಷರ ಆಕಸ್ಮಿಕವಾಗಿ ಬದಲಾಗುತ್ತದೆ. ಆ ಜೀವಕೋಶದ ಸಂತತಿ ಹರಡಿದ ಕಡೆಯಲ್ಲಿ ಮಚ್ಚೆ ಮೂಡುತ್ತದೆ. ಈ ಬದಲಾವಣೆ ತಾಯಿಯಿಂದ ಬಂದುದಲ್ಲ, ತಂದೆಯಿಂದ ಬಂದುದೂ ಅಲ್ಲ. ಬಯಕೆಗೂ ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ. ಬ್ಲಾಂಡೆಲ್ಲನು 1727ರಲ್ಲಿ ಯುಕ್ತಿಯಿಂದ ವಾದಿಸಿದ್ದು ಹೀಗೆ ಪ್ರಮಾಣಸಿದ್ಧವಾಯಿತು.

9. ಬೋರ್ಡೋ ನಗರದ ಆಕಸ್ಮಿಕ

ಇನ್ನು ಹೆಮಾಂಜಿಯೋಮದ ಕಡೆಗೆ ಹಿಂದಿರುಗೋಣ. ಫ್ರಾನ್ಸಿನ ಬೋರ್ಡೋ ನಗರದಲ್ಲಿ ಕ್ರಿಸ್ತಿನ್ ಲಿಯೊತೆ-ಲಬ್ರೆಝ್ ಮತ್ತು ಸಂಗಡಿಗರು ಮೂಗಿನ ಮೇಲೆ ಮಚ್ಚೆಯಿದ್ದ ಒಂದು ಮಗುವಿಗೆ ಸ್ಟಿರಾಯ್ಡ್ ಕೊಡುತ್ತಿದ್ದರು. ಮಗುವಿನ ಹೃದಯದ ಸ್ನಾಯು ದಪ್ಪಗಾಗಿ ತೊಂದರೆಯುಂಟಾಯಿತು. ಹೃದಯಕ್ಕಾಗಿ ಪ್ರೊಪ್ರನೊಲಾಲ್ ಕೊಟ್ಟರು. ಮರುದಿನವೇ ಮಚ್ಚೆಯ ಕಡುಗೆಂಪು ನೇರಿಳೆಗೆ ತಿರುಗಿ, ಮೆತ್ತಗಾಯಿತು. ಇನ್ನೊಂದು ಮಗುವಿನಲ್ಲಿಯೂ ಹಾಗೆಯೇ ಆಯಿತು. ಒಟ್ಟು 11 ಮಕ್ಕಳ ಅನುಭವವನ್ನು ಅವರು 2008ರ ಜೂನ್ ತಿಂಗಳಲ್ಲಿ ಒಂದು ಕಿರುಪತ್ರವಾಗಿ ಪ್ರಕಟಿಸಿದರು.

ಪ್ರೊಪ್ರನೊಲಾಲ್ ಹೊಸ ಔಷಧವಲ್ಲ. ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಹೃದ್ರೋಗಕ್ಕಾಗಿ ಅದನ್ನು ರೂಪಿಸಿ, 1988ರಲ್ಲಿ ನೊಬೆಲ್ ಪಾರಿತೋಷಕ ಪಡೆದಿದ್ದರು. ನಮ್ಮ ದೇಶದಲ್ಲಿಯೂ ಅದು ಹಳೆಯ, ಅಗ್ಗವಾದ ಔಷಧ. ಅದು ಮಚ್ಚೆಯನ್ನು ಇಳಿಸಬಲ್ಲುದೆಂದು ನಲವತ್ತು ವರ್ಷ ಯಾರೂ ಊಹಿಸಿರಲಿಲ್ಲ. ಆದರೆ ಈ ಸಲ ವೈದ್ಯಲೋಕ ರೇಡಿಯಂ ಕಾಲದ ತಪ್ಪನ್ನು ಪುನಃ ಮಾಡಲಿಲ್ಲ. ತಾನಾಗಿ ಇಳಿಯುವ ಮಚ್ಚೆಯಾದುದರಿಂದ, ಔಷಧ ಕೊಟ್ಟ ಮಕ್ಕಳನ್ನು ಕೊಡದ ಮಕ್ಕಳೊಡನೆ ಹೋಲಿಸಬೇಕೆಂದು ಅದಕ್ಕೆ ಗೊತ್ತಿತ್ತು. 460 ಶಿಶುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ತಿಂಗಳು ತಕ್ಕ ಪ್ರಮಾಣದಲ್ಲಿ ಔಷಧ ಪಡೆದವರಲ್ಲಿ ನೂರಕ್ಕೆ 60ರಷ್ಟು ಮಂದಿಯ ಮಚ್ಚೆ ಪೂರ್ತಿಯಾಗಿ ಅಥವಾ ಬಹುಮಟ್ಟಿಗೆ ಹೋಯಿತು. ಔಷಧವಿಲ್ಲದ ಹುಸಿಮದ್ದು ಪಡೆದವರಲ್ಲಿ ಹಾಗಾದುದು ನೂರಕ್ಕೆ 4 ಮಾತ್ರ. ಅಮೆರಿಕದ ಸರ್ಕಾರ 2014ರಲ್ಲಿಯೇ ಇದಕ್ಕೆ ಅನುಮತಿ ನೀಡಿದ್ದಿತು.

ಈ ಔಷಧವೂ ನಿರಪಾಯಕರವಲ್ಲ. ಶಿಶುವಿನ ರಕ್ತದ ಸಕ್ಕರೆ ಇಳಿಯಬಹುದು, ಹೃದಯದ ಬಡಿತ ನಿಧಾನವಾಗಬಹುದು, ಉಬ್ಬಸವಿದ್ದರೆ ಹೆಚ್ಚಬಹುದು. ಆದುದರಿಂದ ವೈದ್ಯರು ಹೃದಯವನ್ನು ಪರೀಕ್ಷಿಸಿ, ತೂಕಕ್ಕೆ ತಕ್ಕ ಪ್ರಮಾಣವನ್ನು ನಿರ್ಧರಿಸಿ ಕೊಡತಕ್ಕದ್ದು. ಮಗುವಿಗೆ ಹಾಲುಣಿಸಿದ ಮೇಲೆಯೇ ಔಷಧ ಕೊಡಬೇಕು; ಮಗು ವಾಂತಿ ಮಾಡುತ್ತಿದ್ದರೆ, ಹಾಲು ಬಿಟ್ಟಿದ್ದರೆ, ಆ ಹೊತ್ತಿನ ಔಷಧವನ್ನು ನಿಲ್ಲಿಸಬೇಕು. ಅಂಗಡಿಯಿಂದ ತಂದು ಮನೆಯಲ್ಲಿ ಪ್ರಯೋಗಿಸುವ ಮದ್ದು ಇದಲ್ಲ. ಸಣ್ಣ, ತೆಳುವಾದ ಮಚ್ಚೆಗಳಿಗೆ ಅದೇ ವರ್ಗದ ಟಿಮೊಲಾಲ್ ಹನಿಗಳನ್ನು ವೈದ್ಯರು ಮೇಲೆ ಸವರಲು ಹೇಳುವುದುಂಟು. ಯಾವ ತೊಂದರೆಯನ್ನೂ ಕೊಡದ, ಮರೆಯ ಸ್ಥಳದ ಸಣ್ಣ ಮಚ್ಚೆಗೆ ಕಾದು ನೋಡುವುದೇ ಇಂದಿಗೂ ಉತ್ತಮ ಚಿಕಿತ್ಸೆ.

10. ಕಾಲದ ಪ್ರಶ್ನೆ

ಔಷಧ ದೊರೆತ ಮೇಲೆ ಉಳಿದ ಪ್ರಶ್ನೆ ಸಮಯದ್ದು. ಹೆಮಾಂಜಿಯೋಮ ಸರಾಸರಿ ಮೂರು ತಿಂಗಳೊಳಗೆ ತನ್ನ ಗಾತ್ರದ ನೂರಕ್ಕೆ 80 ಭಾಗವನ್ನು ಮುಟ್ಟಿರುತ್ತದೆಂದು 2008ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಅದೇ ಅಧ್ಯಯನದ ಪ್ರಕಾರ ಮಕ್ಕಳು ತಜ್ಞರ ಬಳಿಗೆ ಬರುತ್ತಿದ್ದುದು ಸರಾಸರಿ ಐದನೆಯ ತಿಂಗಳಲ್ಲಿ. ತಜ್ಞರು ನೋಡುವ ವೇಳೆಗೆ ಬೆಳೆಯಬೇಕಾದದ್ದು ಬಹುಪಾಲು ಬೆಳೆದು ಮುಗಿದಿರುತ್ತಿತ್ತು. 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅತಿ ವೇಗದ ಬೆಳವಣಿಗೆ ಐದೂವರೆ ವಾರದಿಂದ ಏಳೂವರೆ ವಾರದ ನಡುವೆ ನಡೆಯುವುದೆಂದು ಕಂಡುಕೊಂಡಿತು. ಈ ಎರಡನೆಯ ಅಧ್ಯಯನದ ಆಧಾರಗಳಾವುವೆಂದರೆ, ತಂದೆತಾಯಿಗಳು ಮನೆಯಲ್ಲಿ ತೆಗೆದ ಕೂಸಿನ ಚಿತ್ರಗಳು. ಆಸ್ಪತ್ರೆಯ ದಾಖಲೆ ಪ್ರಾರಂಭವಾಗುವ ಮುನ್ನವೇ ಮಚ್ಚೆಯ ಇತಿಹಾಸದ ಮುಖ್ಯ ಅಧ್ಯಾಯ ಮುಗಿದಿರುತ್ತದೆ. ಅದಕ್ಕೆ ಸಾಕ್ಷಿ ಮನೆಯಲ್ಲಿ ಮಾತ್ರ ದೊರೆಯುತ್ತದೆ.

ಆದುದರಿಂದ ಮುಖದ ಮೇಲೆ, ಅದರಲ್ಲಿಯೂ ಕಣ್ಣು, ಮೂಗು, ತುಟಿಗಳ ಬಳಿ, ಅಥವಾ ಗದ್ದ ಮತ್ತು ಕೊರಳಿನ ಮೇಲೆ ಕೆಂಪು ಮಚ್ಚೆ ಬೆಳೆಯುತ್ತಿದ್ದರೆ, ಐದು ಅಥವಾ ಅದಕ್ಕಿಂತ ಹೆಚ್ಚು ಮಚ್ಚೆಗಳಿದ್ದರೆ, ಮಚ್ಚೆ ಹುಣ್ಣಾದರೆ, ಮಗುವಿಗೆ ಒಂದು ತಿಂಗಳು ತುಂಬುವ ವೇಳೆಗೇ ತಜ್ಞರಿಗೆ ತೋರಿಸಬೇಕೆಂಬುದು ಈಗಿನ ಮತ. ಬಾಣಂತನದ ಮನೆಯಿಂದ ಹೊರಗೆ ಹೋಗದ ದಿನಗಳವು. ನಮ್ಮಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಜೊತೆಗೆ ವಾರಕ್ಕೊಂದು ಚಿತ್ರ ತೆಗೆದು, ಅದರ ಮೇಲೆ ದಿನಾಂಕ ಬರೆದಿಟ್ಟರೆ ವೈದ್ಯರಿಗೆ ಅದಕ್ಕಿಂತ ಉಪಯುಕ್ತವಾದ ದಾಖಲೆ ಇನ್ನೊಂದಿಲ್ಲ.

ಮೇಲಿನ ವಿವೇಚನೆಯಿಂದ ನಾವು ಎರಡು ಮಾತುಗಳನ್ನು ಸಂಗ್ರಹಿಸಬಹುದು. ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರು ಸಲ್ಲುವವರೆಗೆ ಅವುಗಳ ಬಗ್ಗೆ ಮಾಡಿದ ತೀರ್ಮಾನ ಒಂದಕ್ಕೆ ಸರಿಯಾದರೆ ಇನ್ನೊಂದಕ್ಕೆ ತಪ್ಪಾಗುತ್ತದೆ. ಒಂದು ಕ್ರಿಯೆಯ ಫಲವನ್ನು ಅಳೆಯಬೇಕಾದರೆ ಆ ಕ್ರಿಯೆಯಿಲ್ಲದೆ ಏನಾಗುತ್ತಿತ್ತೆಂಬುದು ಮೊದಲು ಗೊತ್ತಾಗಬೇಕು. ಇವು ನಮ್ಮ ವಿದ್ಯಾರ್ಥಿಗಳು ಶಾಸನಗಳನ್ನೂ ಕಡತಗಳನ್ನೂ ಓದುವಾಗ ಕಲಿಯುವ ಪಾಠಗಳೇ. ತೊಟ್ಟಿಲಲ್ಲಿರುವ ಕೂಸಿನ ಕೆನ್ನೆಯ ಮೇಲೆ ಒಂದು ಕೆಂಪು ಗುರುತು ಕಂಡಾಗ ಮನೆಯವರು ತಾಯಿಯನ್ನು ದೂರದೆ, ಅದು ಹುಟ್ಟಿದ ದಿನವೇ ಇತ್ತೆ, ಆಮೇಲೆ ಬಂದಿತೆ, ಬೆಳೆಯುತ್ತಿದೆಯೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡು ಸಕಾಲದಲ್ಲಿ ವೈದ್ಯರ ಬಳಿಗೆ ಹೋದರೆ, ಈ ಇತಿಹಾಸವನ್ನು ಓದಿದ ಪ್ರಯೋಜನ ಅಷ್ಟರಿಂದಲೇ ಸಿದ್ಧಿಸುತ್ತದೆ.